ಪಾದ್ರಿ ಹುಡುಕುವ ಕಮಿಟಿಯಲ್ಲಿ

ಧಾರವಾಡದಲ್ಲಿ ನಾನು ಬೆಳೆದ ಸಭೆಗೆ ಪಾದ್ರಿಗಳು ವರ್ಗಾವಣೆಯ ಮೇಲೆ ಬರುತ್ತಿದ್ದರು. ಬಿಷಪ್ಪರ ಆಫೀಸಿನಿಂದ ಆರ್ಡರ್ ಬಂತು ಅಂದರೆ ಒಬ್ಬರು ಸಾಮಾನು ಕಟ್ಟಿಕೊಂಡು ಗದಗಿಗೋ ಹುಬ್ಬಳ್ಳಿಗೋ ಹೊರಡುತ್ತಿದ್ದರು, ಇನ್ನೊಬ್ಬರು ಬಂದು ಇಳಿಯುತ್ತಿದ್ದರು. ಬಂದವರು ಹಿಡಿಸಿದರೆ ಸಂತೋಷ. ಹಿಡಿಸದಿದ್ದರೆ ಮುಂದಿನ ವರ್ಗಾವಣೆ ತನಕ ಸುಮ್ನೆ ಇರಬೇಕು. ಪಾದ್ರಿ ಆಗುವ ಮುಂಚೆ ಅವರು ಏನು ಮಾಡುತ್ತಿದ್ದರು ಅಂತ ಯಾರೂ ಕೇಳಿದ್ದು ನೆನಪಿಲ್ಲ. ಹೆಚ್ಚಿನವರು ಚಿಕ್ಕ ವಯಸ್ಸಿನಲ್ಲೇ ಮಂಗಳೂರಿನ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿಗೋ ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿಗೋ ಸೇರಿ, ಅಲ್ಲಿಂದ ನೇರವಾಗಿ ಸೇವೆಗೆ ಬಂದವರು.

ಈಗ ನಾನಿರುವುದು ಅಮೆರಿಕದ ನ್ಯೂಜೆರ್ಸಿಯಲ್ಲಿ. ಮನೆ ಹತ್ತಿರ ಕನ್ನಡ ಆರಾಧನೆ ಇಲ್ಲ, ಹಾಗಾಗಿ ಎಪಿಸ್ಕೋಪಲ್ ಚರ್ಚಿಗೆ ಹೋಗುತ್ತೇನೆ. ಆಂಗ್ಲಿಕನ್, ಮೆಥಡಿಸ್ಟ್ ಮುಂತಾದ ಸಭೆಗಳು 1947ರಲ್ಲಿ ಕೂಡಿ ಆದದ್ದು ನಮ್ಮ ಸಿಎಸ್‌ಐ, ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾ. ಅದೂ ಇಲ್ಲಿನ ಎಪಿಸ್ಕೋಪಲ್ ಚರ್ಚೂ ಒಂದೇ ಆಂಗ್ಲಿಕನ್ ಬಳಗದವು, ಅಂದರೆ ಇಂಗ್ಲೆಂಡಿನ ಚರ್ಚಿನ ನಂಟಿನವು. ಊರಿನ ಸಭೆಯಿಂದ ಪತ್ರ ತರಿಸಿ ಕೊಟ್ಟೆ. ಸದಸ್ಯೆ ಮಾಡಿಕೊಂಡರು.

ಕೆಲವು ವರ್ಷಗಳ ಹಿಂದೆ ನಮ್ಮ ರೆಕ್ಟರ್ ನಿವೃತ್ತರಾದರು. ರೆಕ್ಟರ್ ಅಂದರೆ ಸಭೆಯ ಮುಖ್ಯ ಪಾದ್ರಿ. 72 ವಯಸ್ಸಾದ ಮೇಲೆ ಆ ಹುದ್ದೆಯಲ್ಲಿ ಇರುವಂತಿಲ್ಲ, ಇದು ಈ ಚರ್ಚಿನ ಕಾನೂನು. ಹೊಸಬರನ್ನು ಹುಡುಕುವ ಕೆಲಸ ಸಭೆಯದೇ. ವೆಸ್ಟ್ರಿ ಅಂತ ಒಂದು ಆಡಳಿತ ಮಂಡಳಿ ಇರುತ್ತದೆ, ಸಭೆಯವರೇ ಓಟು ಹಾಕಿ ಆರಿಸಿದ್ದು. ಆ ವೆಸ್ಟ್ರಿ ಒಂದು ಸರ್ಚ್ ಕಮಿಟಿ ಮಾಡಿತು. ಅದರಲ್ಲಿ ನನ್ನ ಹೆಸರೂ ಇತ್ತು. ನಾನ್ಯಾಕೆ ಅಂತ ಕೇಳಿದ್ದಕ್ಕೆ ವೆಸ್ಟ್ರಿಯ ಹಿರಿಯ ಪದಾಧಿಕಾರಿ ಚರ್ಚ್ ವಾರ್ಡನ್, "ನೀನು ಕಡಿಮೆ ಮಾತಾಡ್ತೀಯ, ಆದರೆ ಎಲ್ಲಾ ಕೇಳಿಸಿಕೊಳ್ತೀಯ" ಅಂದರು. ಧಾರವಾಡದಲ್ಲಿ ನನ್ನ ಬಗ್ಗೆ ಹೀಗೆ ಯಾರೂ ಹೇಳಿರಲಿಲ್ಲ.

ಊರಿಗೆ ಫೋನ್ ಮಾಡಿ ಅಪ್ಪನಿಗೆ ಹೇಳಿದೆ.

"ಪಾದ್ರಿ ಸಾಹೇಬ್ರನ್ನ ನೀವ ಆರಸ್ತೀರೇನವಾ? ಹಂಗಾರ ಬಿಷಪ್ಪರು ಏನ ಮಾಡ್ತಾರ?"

"ಅವರೂ ಒಪ್ಪಬೇಕಪ್ಪಾ. ಆದ್ರ ಹುಡುಕೋದು ನಾವ."

"ಪಗಾರ?"

"ಅದೂ ನಾವ ಕೊಡೋದು."

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹಂಗಾರ ಅವರು ನಿಮಗ ಬೈಯೋದು ಹ್ಯಾಂಗ?"

ಪ್ರಶ್ನೆ ಸರಿಯಾಗಿಯೇ ಇತ್ತು. ಅದಕ್ಕೆ ಉತ್ತರ ಇಲ್ಲಿನ ಕಾನೂನಿನಲ್ಲೇ ಇದೆ ಅಂತ ಆಮೇಲೆ ಗೊತ್ತಾಯಿತು. ಒಮ್ಮೆ ರೆಕ್ಟರ್ ಅಂತ ನೇಮಿಸಿದ ಮೇಲೆ ವೆಸ್ಟ್ರಿ ತಾನಾಗಿ ಅವರನ್ನು ತೆಗೆಯುವಂತಿಲ್ಲ. ಜಗಳ ಬಿದ್ದರೆ ಬಿಷಪ್ಪರ ಹತ್ತಿರ ಹೋಗಬೇಕು. ಪಗಾರ ಕೊಡುವವರು ನಾವೇ ಆದರೂ ಕುರ್ಚಿ ಎಳೆಯುವ ಅಧಿಕಾರ ನಮಗಿಲ್ಲ. ಹಾಗಾಗಿ ಬೈಯುವುದಕ್ಕೆ ತೊಂದರೆಯೇನಿಲ್ಲ.

ಮೊದಲ ಕೆಲವು ತಿಂಗಳು ಹೋದದ್ದು ನಮ್ಮ ಬಗ್ಗೆ ನಾವೇ ಬರೆದುಕೊಳ್ಳುವುದರಲ್ಲಿ. ಡಯಾಸಿಸ್‌ನವರು ಅಂದರೆ ಬಿಷಪ್ಪರ ಕೈಕೆಳಗಿನ ಪ್ರಾಂತ್ಯದ ಆಡಳಿತದವರು, ಒಬ್ಬ ಇಂಟರಿಮ್ ಪಾದ್ರಿಯನ್ನು ಕಳಿಸಿದ್ದರು. ಹಂಗಾಮಿಯಾಗಿ ಬಂದವರು ಸಾಮಾನ್ಯವಾಗಿ ಅಲ್ಲೇ ರೆಕ್ಟರ್ ಆಗುವಂತಿಲ್ಲ, ಅದಕ್ಕೇ ಅವರು ಯಾರ ಮುಲಾಜೂ ಇಲ್ಲದೆ ಮಾತಾಡುತ್ತಿದ್ದರು. ಸಭೆಯವರಿಗೆ ಒಂದು ಸರ್ವೆ ಕೊಟ್ಟೆವು, ಎಂಥ ಪಾದ್ರಿ ಬೇಕು ಅಂತ. ವಯಸ್ಸು ಕಡಿಮೆ ಇರಬೇಕು, ಅನುಭವ ಜಾಸ್ತಿ ಇರಬೇಕು, ಮನೆಮನೆಗೆ ಬರಬೇಕು, ಆಫೀಸಿನಲ್ಲೂ ಸಿಗಬೇಕು, ಪ್ರಸಂಗ ಚೆನ್ನಾಗಿರಬೇಕು, ಬೇಗ ಮುಗಿಯಬೇಕು. ಯೇಸುಸ್ವಾಮಿಯೇ ಅರ್ಜಿ ಹಾಕಿದರೂ ಅನುಭವ ಮೂರೇ ವರ್ಷ ಅಂತ ಪಕ್ಕಕ್ಕಿಡುತ್ತಿದ್ದರೇನೋ. ಸರ್ವೆ, ಲೆಕ್ಕಪತ್ರ, ಫೋಟೋ ಎಲ್ಲಾ ಸೇರಿಸಿ ಸಭೆಯ ಪ್ರೊಫೈಲ್ ಆಯಿತು. ಇಡೀ ದೇಶದ ಎಪಿಸ್ಕೋಪಲ್ ಪಾದ್ರಿಗಳು ನೋಡುವ ಜಾಗದಲ್ಲಿ ಅದನ್ನು ಹಾಕಿದರು.

ಅರ್ಜಿಗಳು ಬರತೊಡಗಿದವು. ನನಗೆ ಮೊದಲ ಆಶ್ಚರ್ಯ ಆದದ್ದು ಆಗ. ಒಬ್ಬರು ಹೈಸ್ಕೂಲಿನಲ್ಲಿ ಕೆಮಿಸ್ಟ್ರಿ ಹೇಳಿಕೊಟ್ಟವರು. ಒಬ್ಬರು ಬ್ಯಾಂಕಿನಲ್ಲಿದ್ದವರು. ಒಬ್ಬರು ರಂಗಭೂಮಿಯಲ್ಲಿ ಲೈಟಿಂಗ್ ಮಾಡಿದವರು. ಓದು ಮುಗಿಸಿ ನೇರ ಸೆಮಿನರಿಗೆ, ಅಂದರೆ ಪಾದ್ರಿ ಆಗಲು ಓದುವ ಕಾಲೇಜಿಗೆ, ಹೋದವರು ಇದ್ದರು, ಆದರೆ ಕಮ್ಮಿ. ಹುಟ್ಟಿನಿಂದ ಎಪಿಸ್ಕೋಪಲ್ ಆಗಿದ್ದವರೂ ಎಲ್ಲರೂ ಅಲ್ಲ. ಬ್ಯಾಪ್ಟಿಸ್ಟ್ ಮನೆಯವರು, ಕ್ಯಾಥೊಲಿಕ್ ಮನೆಯವರು, ಯಾವ ಚರ್ಚಿಗೂ ಹೋಗದ ಮನೆಯವರು, ಎಲ್ಲಾ ಥರದವರೂ ಇದ್ದರು.

ನನಗೆ ಆಶ್ಚರ್ಯ ಆಗಬಾರದಿತ್ತು. ಈ ಚರ್ಚಿನ ಚರಿತ್ರೆಯಲ್ಲೇ ಅದಿದೆ. ಇವರ ಮೊದಲ ಬಿಷಪ್ ಸ್ಯಾಮ್ಯುಯೆಲ್ ಸೀಬರಿ ಎಡಿನ್‌ಬರೋದಲ್ಲಿ ವೈದ್ಯಶಾಸ್ತ್ರ ಓದಿದವರು. ಅಮೆರಿಕಕ್ಕೆ ಸ್ವಾತಂತ್ರ್ಯ ಬಂದ ಮೇಲೆ, ಬಿಷಪ್ ಆಗಲು ಬೇಕಿದ್ದ, ಇಂಗ್ಲೆಂಡಿನ ರಾಜನಿಗೆ ನಿಷ್ಠೆಯ ಪ್ರಮಾಣ ಮಾಡಲಾಗದೆ, 1784ರಲ್ಲಿ ಸ್ಕಾಟ್ಲೆಂಡಿಗೆ ಹೋಗಿ ಬಿಷಪ್ ಆಗಿ ಬಂದರು. 2006ರಲ್ಲಿ ಇಡೀ ಚರ್ಚಿನ ಮುಖ್ಯಸ್ಥೆಯಾಗಿ ಆಯ್ಕೆಯಾದ ಕ್ಯಾಥರೀನ್ ಜೆಫರ್ಟ್ಸ್ ಶೋರಿ ಮೊದಲು ಸಮುದ್ರ ವಿಜ್ಞಾನಿ. ವಿಮಾನ ಹಾರಿಸುವುದಕ್ಕೂ ಬರುತ್ತಿತ್ತು. ಅಷ್ಟು ದೂರ ಯಾಕೆ, ನಮ್ಮ ಧಾರವಾಡದ ಹೆಬಿಕ್ ಮೆಮೋರಿಯಲ್ ಚರ್ಚಿಗೆ ಯಾರ ಹೆಸರಿದೆಯೋ ಆ ಸ್ಯಾಮ್ಯುಯೆಲ್ ಹೆಬಿಕ್ ಕೂಡ ಬಾಸೆಲ್ ಮಿಷನ್ ಸೇರುವ ಮುಂಚೆ ವ್ಯಾಪಾರದ ಕೆಲಸದಲ್ಲಿದ್ದವರು. ಅವರ ಮೇಲೆ ಸಂಡೇ ಸ್ಕೂಲಿನಲ್ಲಿ ಪಾಠ ಮಾಡಿದ್ದರು. ಆದರೆ ವ್ಯಾಪಾರದ ಮಾತು ಬಂದಿರಲಿಲ್ಲ.

ಇಲ್ಲಿ ಪಾದ್ರಿ ಆಗುವ ದಾರಿ ಹೇಗಿದೆ ಅಂತ ಡಯಾಸಿಸ್‌ನವರು ನಮ್ಮನ್ನು ಕೂರಿಸಿ ವಿವರಿಸಿದರು. ಪಾದ್ರಿ ಆಗು ಅಂತ ನನಗೆ ದೇವರ ಕರೆ ಬಂದಿದೆ ಅಂತ ಒಬ್ಬರು ಹೇಳಿದರೆ ಅಷ್ಟಕ್ಕೇ ಯಾರೂ ನಂಬುವುದಿಲ್ಲ. ಮೊದಲು ಅವರ ಸಭೆಯ ಕೆಲವರು ತಿಂಗಳುಗಟ್ಟಲೆ ಅವರ ಜೊತೆ ಕೂತು ಮಾತಾಡುತ್ತಾರೆ. ಪಾದ್ರಿಯೂ ವೆಸ್ಟ್ರಿಯೂ ಬರೆದುಕೊಡಬೇಕು. ಆಮೇಲೆ ಡಯಾಸಿಸ್‌ನ ಕಮಿಷನ್ ಆನ್ ಮಿನಿಸ್ಟ್ರಿ ಅನ್ನುವ, ಇಂಥವರನ್ನು ಪರಿಶೀಲಿಸುವ ಸಮಿತಿಯ ಮುಂದೆ ಹಾಜರಾಗಬೇಕು. ಡಾಕ್ಟರ್ ತಪಾಸಣೆ, ಮನಶ್ಶಾಸ್ತ್ರಜ್ಞರ ಪರೀಕ್ಷೆ, ಹಿಂದಿನ ದಾಖಲೆ ಎಲ್ಲಾ ಜಾಲಾಡುತ್ತಾರೆ. ಬಿಷಪ್ ಒಪ್ಪಿದರೆ ಮೊದಲು ಪೋಸ್ಚುಲಂಟ್, ಆಮೇಲೆ ಕ್ಯಾಂಡಿಡೇಟ್ ಅಂತ ಎರಡು ಹಂತ. ಮೂರು ವರ್ಷದ ಸೆಮಿನರಿ, ನಡುವೆ ಆಸ್ಪತ್ರೆಯಲ್ಲಿ ರೋಗಿಗಳ ಜೊತೆಗಿರುವ ಪಾದ್ರಿಯ, ಅಂದರೆ ಚಾಪ್ಲಿನ್ ತರಬೇತಿ, ಕೊನೆಗೆ ಜನರಲ್ ಆರ್ಡಿನೇಶನ್ ಪರೀಕ್ಷೆ. ಇಷ್ಟಾದ ಮೇಲೂ ನೇರವಾಗಿ ಪ್ರೀಸ್ಟ್, ಅಂದರೆ ಪೂರ್ಣ ಪಾದ್ರಿ, ಅಲ್ಲ. ಮೊದಲು ಡೀಕನ್ ಅನ್ನುವ ಸಹಾಯಕ ಸೇವಕರಾಗಿ ಸಾಮಾನ್ಯವಾಗಿ ಆರು ತಿಂಗಳಾದರೂ ಕಳೆಯಬೇಕು.

ಬ್ಯಾಂಕಿನವರು, ಮೇಷ್ಟ್ರು ಯಾಕೆ ಇಷ್ಟು ಜನ ಅನ್ನುವುದಕ್ಕೆ ಅರ್ಧ ಉತ್ತರ ಇಲ್ಲೇ ಇದೆ ಅಂತ ನನಗೆ ಅನ್ನಿಸಿತು. ಮೂರು ವರ್ಷ ಸಂಬಳ ಇಲ್ಲದೆ ಓದಬೇಕಾದರೆ ಕೈಯಲ್ಲಿ ದುಡ್ಡಿರಬೇಕು, ಇಲ್ಲಾ ಗಂಡನೋ ಹೆಂಡತಿಯೋ ದುಡಿಯುತ್ತಿರಬೇಕು. ಎರಡೂ ಇಲ್ಲದ ಬಡವರ ಮನೆಯ ಹುಡುಗಿಗೆ ಕರೆ ಬಂದರೆ ಏನು ಗತಿ? ಈಗ ಕೆಲಸ ಮಾಡುತ್ತಲೇ ವಾರಾಂತ್ಯದಲ್ಲಿ ಓದುವ ವ್ಯವಸ್ಥೆ ಕೆಲವು ಡಯಾಸಿಸ್‌ಗಳಲ್ಲಿದೆ. ಅದು ಇನ್ನೂ ಜಾಸ್ತಿ ಆಗಬೇಕು. ಮೊದಲ ಕೆಲಸದಲ್ಲಿ ಉಳಿಸಿದ ದುಡ್ಡಿಲ್ಲದೆ ಎರಡನೇ ಕರೆ ಕೇಳಿಸುವುದೇ ಇಲ್ಲ ಅನ್ನುವ ಹಾಗೆ ಆಗಬಾರದಲ್ವಾ?

ನಮ್ಮ ಸಭೆಯ ಡೀಕನ್ ವಾರಪೂರ್ತಿ ಎಲೆಕ್ಟ್ರಿಷಿಯನ್ ಕೆಲಸ ಮಾಡುತ್ತಾರೆ. ಅವರು ಪ್ರೀಸ್ಟ್ ಆಗುವ ದಾರಿಯಲ್ಲಿ ಡೀಕನ್ ಆದವರಲ್ಲ. ಸಾಯುವ ತನಕ ಡೀಕನ್ ಆಗಿಯೇ ಇರುತ್ತೇನೆ ಅಂತ ಬಂದವರು. ಚರ್ಚಿನಿಂದ ಸಂಬಳ ಇಲ್ಲ. ಭಾನುವಾರ ಸುವಾರ್ತೆ ಓದುತ್ತಾರೆ, ಬಲಿಪೀಠ ಸಿದ್ಧ ಮಾಡುತ್ತಾರೆ, ಕೊನೆಗೆ ಜನರನ್ನು ಸಮಾಧಾನದಿಂದ ಹೋಗಿ ಅಂತ ಕಳಿಸುತ್ತಾರೆ. ಸೋಮವಾರ ಯಾರದೋ ಮನೆಯ ಬೇಸ್‌ಮೆಂಟಿನಲ್ಲಿ ವೈರ್ ಎಳೆಯುತ್ತಿರುತ್ತಾರೆ. ನೀವ್ಯಾಕೆ ಪ್ರೀಸ್ಟ್ ಆಗಲಿಲ್ಲ ಅಂತ ಒಮ್ಮೆ ಕೇಳಿದ್ದೆ. "ನನ್ನನ್ನು ಒಳಗೆ ಬಿಡುವ ಮನೆಗಳು ಪ್ರೀಸ್ಟನ್ನು ಒಳಗೆ ಬಿಡಲ್ಲ" ಅಂದರು. ಯಾವ ಮನೆಯಲ್ಲಿ ಹೀಟರ್ ಕೆಟ್ಟಿದೆ, ಯಾವ ಮನೆಯಲ್ಲಿ ಬಿಲ್ ಕಟ್ಟಿಲ್ಲ, ಎಲ್ಲಿ ಅಜ್ಜ ಒಬ್ಬರೇ ಇದ್ದಾರೆ, ಎಲ್ಲಾ ಅವರಿಗೆ ಗೊತ್ತಿರುತ್ತದೆ.

ಅರ್ಜಿ ಓದುವ ಕೆಲಸಕ್ಕೆ ವಾಪಸ್ ಬರುತ್ತೇನೆ. ಪ್ರತಿ ಪಾದ್ರಿಯೂ ಕೆಲವು ನಿಗದಿತ ಪ್ರಶ್ನೆಗಳಿಗೆ ಉತ್ತರ ಬರೆದಿರುತ್ತಾರೆ. ಸೇವೆಯಲ್ಲಿ ಸಾರ್ಥಕ ಅನ್ನಿಸಿದ ಗಳಿಗೆ ಯಾವುದು, ಚರ್ಚಿನಲ್ಲಿ ಜಗಳ ಆದಾಗ ಏನು ಮಾಡಿದಿರಿ, ಬದಲಾವಣೆ ತರಲು ಹೋಗಿ ಕೆಟ್ಟದ್ದು ಯಾವಾಗ, ಹೀಗೆ. ಅದರ ಜೊತೆ ತಮಗೆ ಕರೆ ಬಂದದ್ದು ಹೇಗೆ ಅಂತಲೂ ಬಹಳ ಮಂದಿ ಬರೆದಿದ್ದರು. ಶುರುವಿನಲ್ಲಿ ನಾನು ಅದನ್ನೇ ಆಸೆಯಿಂದ ಓದುತ್ತಿದ್ದೆ. ನಾಲ್ಕಾರು ಓದಿದ ಮೇಲೆ ಎಲ್ಲಾ ಒಂದೇ ಥರ ಕಂಡವು. ಒಂದು ಕಷ್ಟ, ಒಂದು ರಾತ್ರಿ, ಒಂದು ಮಾತು, ಆಮೇಲೆ ಜೀವನ ಬದಲು. ಸುಳ್ಳು ಅಂತಲ್ಲ. ಆದರೆ ಅದರಿಂದ ಆ ಮನುಷ್ಯ ನಾಳೆ ನಮ್ಮ ಸಭೆಯಲ್ಲಿ ಹೇಗಿರುತ್ತಾರೆ ಅಂತ ಗೊತ್ತಾಗುವುದಿಲ್ಲ. ಹಾಗಾಗಿ ಜಗಳದ ಪ್ರಶ್ನೆಯ ಉತ್ತರವನ್ನು ಮೊದಲು ಓದುವುದು ರೂಢಿ ಮಾಡಿಕೊಂಡೆ. ಅಲ್ಲಿ ಮನುಷ್ಯರು ಸಿಗುತ್ತಿದ್ದರು. ಕೆಲವರು ಪುಟ ತುಂಬ ಬರೆದರೂ ಜಗಳ ಯಾವುದರ ಬಗ್ಗೆ ಅನ್ನುವುದೇ ಗೊತ್ತಾಗುತ್ತಿರಲಿಲ್ಲ. ಕೆಲವರ ಪ್ರಕಾರ ತಪ್ಪೆಲ್ಲಾ ಎದುರು ಪಾರ್ಟಿಯದೇ.

ಕಮಿಟಿಯ ಗುಟ್ಟು ಹೊರಗೆ ಹೇಳುವಂತಿಲ್ಲ. ಹೆಸರು, ಊರು ಬೇಡ. ಕೊನೆಗೆ ಉಳಿದ ಮೂವರ ಬಗ್ಗೆ ಮೇಲುಮೇಲೆ ಹೇಳುತ್ತೇನೆ.

ಮೊದಲನೆಯವರು ವಕೀಲರು. ದುಡ್ಡಿಲ್ಲದ ಆರೋಪಿಗಳ ಪರ ಸರ್ಕಾರದ ಕಡೆಯಿಂದ ವಾದಿಸುವ ಕೆಲಸ ಬಹಳ ವರ್ಷ ಮಾಡಿದ್ದರು. ಮಾತು ಚೆನ್ನಾಗಿತ್ತು, ಸ್ವಲ್ಪ ಜಾಸ್ತಿಯೇ ಚೆನ್ನಾಗಿತ್ತು. ಎರಡನೆಯವರು ಮೊದಲು ರೋಮನ್ ಕ್ಯಾಥೊಲಿಕ್ ಪಾದ್ರಿ ಆಗಿದ್ದವರು. ಮದುವೆ ಆಗಬೇಕು ಅನ್ನಿಸಿದಾಗ ಆ ಸೇವೆ ಬಿಟ್ಟರು, ಆಮೇಲೆ ಈ ಚರ್ಚಿಗೆ ಬಂದರು. ಇಂಥವರಿಗೆ ಇಲ್ಲಿ ಮತ್ತೆ ದೀಕ್ಷೆ ಕೊಡುವುದಿಲ್ಲ, ಹಳೆಯ ದೀಕ್ಷೆಯನ್ನೇ ಒಪ್ಪಿ ಬರಮಾಡಿಕೊಳ್ಳುತ್ತಾರೆ. ಅವರು ಆರಾಧನೆ ನಡೆಸಿದ ರೀತಿ ನನಗೆ ಈಗಲೂ ನೆನಪಿದೆ. ಒಂದು ಪದವೂ ಅವಸರದ್ದಲ್ಲ.

ಮೂರನೆಯವರು ನರ್ಸ್. ಐಸಿಯುನಲ್ಲಿ ನೈಟ್ ಶಿಫ್ಟ್ ಮಾಡುತ್ತಿದ್ದವರು. ಮಕ್ಕಳು ಕಾಲೇಜಿಗೆ ಹೋದ ಮೇಲೆ ಸೆಮಿನರಿ ಸೇರಿದ್ದರು.

ಅವರನ್ನು ನಮ್ಮ ಪ್ಯಾರಿಷ್ ಹಾಲಿನಲ್ಲಿ ಎದುರಿಗೆ ಕೂರಿಸಿಕೊಂಡು ಮಾತಾಡಿದೆವು. ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. ನರ್ಸ್ ಆಗಿದ್ದದ್ದು ಈ ಕೆಲಸಕ್ಕೆ ಅನುಕೂಲ ಆಯ್ತಾ ಅಂತ ಯಾರೋ ಕೇಳಿದರು. ಹೌದು ಅನ್ನುತ್ತಾರೆ ಅಂತ ನಾವೆಲ್ಲಾ ಕಾಯುತ್ತಿದ್ದೆವು. "ಮೊದಮೊದಲು ಅದೇ ತೊಂದರೆ ಆಯಿತು" ಅಂದರು. ನರ್ಸ್ ಆಗಿ ರೋಗಿಯ ಕೋಣೆಗೆ ಹೋದರೆ ಕೈಗೆ ಕೆಲಸ ಇರುತ್ತಿತ್ತಂತೆ. ಡ್ರಿಪ್ ನೋಡಬೇಕು, ದಿಂಬು ಸರಿಮಾಡಬೇಕು, ಚಾರ್ಟ್ ಬರೆಯಬೇಕು. ಚಾಪ್ಲಿನ್ ತರಬೇತಿಗೆ ಅಂಥದ್ದೇ ಕೋಣೆಗೆ ಹೋದಾಗ ಕೈ ಎಲ್ಲಿಡಬೇಕು ಅಂತಲೇ ತಿಳಿಯಲಿಲ್ಲ. ಮಾನಿಟರ್ ನೋಡುತ್ತಾ ನಿಂತುಬಿಟ್ಟರು. ಹಾಸಿಗೆಯಲ್ಲಿದ್ದ ಮುದುಕಿ, "ನಾನಿರೋದು ಇಲ್ಲಿ ಮಗಾ, ಆ ಪೆಟ್ಟಿಗೆಯಲ್ಲಲ್ಲ" ಅಂದರಂತೆ.

ಇನ್ನೊಂದು ಮಾತು ಅವರಾಗಿಯೇ ಹೇಳಿದರು. ಮೊದಲ ಸಲ ಕಮಿಷನ್ ಅವರನ್ನು ಒಪ್ಪಿರಲಿಲ್ಲ. ಈಗ ಬೇಡ ಅಂತ ಕಳಿಸಿದ್ದರು. ಕೆಲವು ವರ್ಷ ಬಿಟ್ಟು ಮತ್ತೆ ಹೋದರು, ಆಗ ಒಪ್ಪಿದರು. ಸಿಟ್ಟು ಬಂತಾ ಅಂತ ಕೇಳಿದೆ. ಕಮಿಟಿಯಲ್ಲಿ ನಾನು ಬಾಯಿಬಿಟ್ಟ ಕೆಲವೇ ಸಲಗಳಲ್ಲಿ ಅದೂ ಒಂದು. "ಬಹಳ ಬಂತು. ಮನೆಗೆ ಹೋಗಿ ಪಾತ್ರೆ ಎಲ್ಲಾ ಸದ್ದು ಮಾಡಿ ತೊಳೆದೆ" ಅಂದರು. ಆ ಕಮಿಷನ್‌ನಲ್ಲಿ ಒಬ್ಬರು, ನಿನಗೆ ಪಾದ್ರಿ ಆಗಬೇಕಾಗಿದೆಯೋ ಅಥವಾ ನೈಟ್ ಶಿಫ್ಟ್ ಸಾಕಾಗಿದೆಯೋ ಅಂತ ಕೇಳಿದ್ದರಂತೆ. ಆವತ್ತು ಅದಕ್ಕೆ ತಮ್ಮ ಹತ್ತಿರ ನಿಜವಾದ ಉತ್ತರ ಇರಲಿಲ್ಲ ಅಂತ ಒಪ್ಪಿಕೊಂಡರು. ಹಗಲಿನ ಶಿಫ್ಟಿಗೆ ಹಾಕಿಸಿಕೊಂಡು ನೋಡಿದರು. ಆಗಲೂ ಸಭೆಯವರು, ಸಹೋದ್ಯೋಗಿಗಳು, ರೋಗಿಗಳ ಮನೆಯವರು ನೀನು ಪಾದ್ರಿ ಆಗಬೇಕು ಅನ್ನುವ ಮಾತನ್ನೇ ಎತ್ತುತ್ತಿದ್ದರು. ಅದಾದ ಮೇಲೆ ಮತ್ತೆ ಅರ್ಜಿ ಹಾಕಿದ್ದು.

ನನ್ನ ಮನಸ್ಸು ಅಲ್ಲಿಗೆ ತೀರ್ಮಾನ ಆಗಿತ್ತು. ತನಗೆ ಕರೆ ಬಂದಿದೆ ಅಂತ ಹೇಳುವವರು ಬಹಳ. ಬೇಡ ಅನ್ನಿಸಿಕೊಂಡು, ಅದರಲ್ಲಿ ನಿಜ ಎಷ್ಟಿದೆ ಅಂತ ಕೂತು ನೋಡಿದವರು ನಮಗೆ ಸಿಕ್ಕ ಅರ್ಜಿಗಳಲ್ಲಿ ಇವರೊಬ್ಬರೇ. ವಕೀಲಿ, ನರ್ಸಿಂಗ್, ಬ್ಯಾಂಕು ಯಾವುದೂ ತಾನಾಗಿ ಒಳ್ಳೆಯ ಪಾದ್ರಿಯನ್ನು ಕೊಡುವುದಿಲ್ಲ.

ಕಮಿಟಿಯಲ್ಲಿ ಎಲ್ಲರೂ ಹಾಗೆ ಅಂದುಕೊಂಡಿರಲಿಲ್ಲ. ಚರ್ಚೆ ಜೋರಾಗಿಯೇ ಆಯಿತು. ಒಬ್ಬರಿಗೆ ವಕೀಲರೇ ಬೇಕು, ಊರಿನ ಮೇಯರ್ ಜೊತೆ ಮಾತಾಡುವ ತಾಕತ್ತಿದೆ ಅಂತ. ಇನ್ನೊಬ್ಬರು ಮೆಲ್ಲಗೆ, ಜನ ಹೆಣ್ಣು ರೆಕ್ಟರನ್ನು ಒಪ್ಪುತ್ತಾರಾ ಅಂದರು. ನಮ್ಮ ಸಭೆಗೆ ಅದುವರೆಗೆ ಹೆಣ್ಣು ರೆಕ್ಟರ್ ಬಂದಿರಲಿಲ್ಲ.

ಆಗ ಕಮಿಟಿಯ ಹಿರಿಯ ಸದಸ್ಯೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರು ಬೆಳೆದದ್ದು ನದಿಯಾಚೆ ಫಿಲಡೆಲ್ಫಿಯಾದಲ್ಲಿ. ಅಲ್ಲಿನ ಚರ್ಚ್ ಆಫ್ ದಿ ಅಡ್ವೊಕೇಟ್‌ನಲ್ಲಿ 1974ರ ಜುಲೈ 29ರಂದು, ಚರ್ಚಿನ ಅನುಮತಿ ಇಲ್ಲದೆಯೇ ಹನ್ನೊಂದು ಹೆಂಗಸರಿಗೆ ಪಾದ್ರಿ ದೀಕ್ಷೆ ಆಯಿತು. ಆಗ ಇವರ ಮನೆಯಲ್ಲಿ ಊಟದ ಹೊತ್ತಿಗೆ ಅದೇ ಜಗಳವಂತೆ. ಎರಡು ವರ್ಷಕ್ಕೆ, 1976ರಲ್ಲಿ, ಇಡೀ ಚರ್ಚಿನ ಮಹಾಸಭೆಯಾದ ಜನರಲ್ ಕನ್ವೆನ್ಶನ್ ಹೆಂಗಸರ ದೀಕ್ಷೆಗೆ ಒಪ್ಪಿತು. 1977ರ ಜನವರಿಯಲ್ಲಿ ಪಾಲಿ ಮರ್ರಿ ಪ್ರೀಸ್ಟ್ ಆದರು. ಅವರೂ ವಕೀಲೆ, ಸಮಾನ ಹಕ್ಕಿನ ಕಾನೂನಿಗೆ ದೊಡ್ಡ ಕೆಲಸ ಮಾಡಿದವರು, ಈ ಚರ್ಚಿನಲ್ಲಿ ಪ್ರೀಸ್ಟ್ ಆದ ಮೊದಲ ಕಪ್ಪು ಹೆಂಗಸು. ಫಿಲಡೆಲ್ಫಿಯಾದ ಆ ದಿನ ಮೆರವಣಿಗೆಯ ಮುಂದೆ ಶಿಲುಬೆ ಹಿಡಿದು ನಡೆದವರು ಬಾರ್ಬರಾ ಹ್ಯಾರಿಸ್. ಆಗ ಅವರು ಒಂದು ಎಣ್ಣೆ ಕಂಪನಿಯ ಸಾರ್ವಜನಿಕ ಸಂಪರ್ಕ ವಿಭಾಗದಲ್ಲಿದ್ದರು. 1989ರಲ್ಲಿ ಇಡೀ ಆಂಗ್ಲಿಕನ್ ಬಳಗದಲ್ಲೇ ಮೊದಲ ಮಹಿಳಾ ಬಿಷಪ್ ಆದರು. "ಇಷ್ಟಾದ ಮೇಲೂ ನಾವು ಈ ಮೇಜಿನ ಸುತ್ತ ಕೂತು ಇದನ್ನು ಕೇಳಬೇಕಾ?" ಅಂದರು ಹಿರಿಯಾಕೆ. ನಾನೂ ಸೇರಿಸಿದೆ. ನಮ್ಮ ಸಿಎಸ್‌ಐನಲ್ಲಿ 2013ರಲ್ಲೇ ನಂದ್ಯಾಲ ಡಯಾಸಿಸ್‌ಗೆ ಪುಷ್ಪಾ ಲಲಿತಾ ಬಿಷಪ್ ಆದರು ಅಂದೆ. ಆ ಪ್ರಶ್ನೆ ಮತ್ತೆ ಬರಲಿಲ್ಲ.

ನಾವು ಆ ನರ್ಸ್ ಹೆಸರು ಕೊಟ್ಟೆವು, ವೆಸ್ಟ್ರಿ ಓಟು ಹಾಕಿತು, ಬಿಷಪ್ ಒಪ್ಪಿದರು. ಆದರೆ ಆಕೆ ತಕ್ಷಣ ಹೂಂ ಅನ್ನಲಿಲ್ಲ. ಅವರೂ ನಮ್ಮನ್ನು ನೋಡಬೇಕಲ್ಲ. ವಾರ್ಡನ್‌ಗೆ ಫೋನ್ ಮಾಡಿ, ಹಿಂದಿನ ರೆಕ್ಟರ್ ಜೊತೆ ನಿಮ್ಮ ಕೊನೆಯ ಜಗಳ ಯಾವುದರ ಬಗ್ಗೆ ಅಂತ ಕೇಳಿದರು. ಜಗಳವೇ ಆಗಿಲ್ಲ ಅಂದರಂತೆ ವಾರ್ಡನ್. "ಹಾಗಾದರೆ ಯಾರೋ ಒಬ್ಬರು ನನಗೆ ನಿಜ ಹೇಳುವ ತನಕ ಕಾಯ್ತೀನಿ" ಅಂದರಂತೆ. ಕೊನೆಗೆ ಡೀಕನ್ ಹೇಳಿದರು, ಬಾಯ್ಲರ್ ರಿಪೇರಿ ದುಡ್ಡಿನ ಬಗ್ಗೆ ಅಂತ. ಆಮೇಲೆ ಒಪ್ಪಂದದ ಪತ್ರ. ಅದರಲ್ಲಿ ಸಂಬಳ, ಮನೆ, ಪಿಂಚಣಿ, ರಜೆ ಎಲ್ಲಾ ಇರುತ್ತದೆ. ಅದು ವಕೀಲರು, ಲೆಕ್ಕದವರ ಕೆಲಸ, ಬರೆಯುವಂಥದ್ದು ಏನಿಲ್ಲ.

ಅವರು ಬಂದ ಮೇಲೆ ಬಿಷಪ್ ಬಂದು ಹೊಸ ಸೇವೆಯ ಆರಾಧನೆ ನಡೆಸಿದರು. ಇದಕ್ಕೆ 1979ರ ಪ್ರಾರ್ಥನಾ ಪುಸ್ತಕದಲ್ಲಿ ಒಂದು ಕ್ರಮ ಇದೆ. ಸಭೆಯವರು ಒಬ್ಬೊಬ್ಬರಾಗಿ ಒಂದೊಂದು ವಸ್ತು ತಂದು ಕೈಗೆ ಕೊಡಬೇಕು. ಬೈಬಲ್, ನೀರು, ಪಾದ್ರಿ ಹೆಗಲ ಮೇಲೆ ಹಾಕುವ ಸ್ಟೋಲ್ ಪಟ್ಟಿ, ಪ್ರಾರ್ಥನಾ ಪುಸ್ತಕ, ಎಣ್ಣೆ, ಚರ್ಚಿನ ಬೀಗದ ಕೈ, ಚರ್ಚಿನ ಕಾನೂನು ಪುಸ್ತಕ, ರೊಟ್ಟಿ ಮತ್ತು ದ್ರಾಕ್ಷಾರಸ. ಎಣ್ಣೆಯ ಬಾಟಲಿ ನನ್ನ ಪಾಲಿಗೆ ಬಂದಿತ್ತು. ಈ ಎಣ್ಣೆಯಿಂದ ನಮ್ಮ ನಡುವೆ ವಾಸಿ ಮಾಡುವವರಾಗಿ, ಒಂದುಗೂಡಿಸುವವರಾಗಿ ಇರಿ ಅನ್ನುವ ಅರ್ಥದ ಮಾತು ಹೇಳಿ ಕೊಟ್ಟೆ. ಅವರು ತೆಗೆದುಕೊಂಡು, ನರ್ಸ್ ಅಭ್ಯಾಸ ಇರಬೇಕು, ಮೊದಲು ಬಾಟಲಿಯ ಮುಚ್ಚಳ ಬಿಗಿಯಾಗಿದೆಯಾ ಅಂತ ನೋಡಿದರು. ಬಿಗಿಯಾಗಿರಲಿಲ್ಲ. ಅಲ್ಲೇ ತಿರುಗಿಸಿ ಮುಚ್ಚಿ, ಆಮೇಲೆ ಮೇಜಿನ ಮೇಲಿಟ್ಟರು. ಬೀಗದ ಕೈ ಕೊಟ್ಟವರು ಡೀಕನ್. ಇದರಲ್ಲಿ ಎರಡು ಬಾಗಿಲಿಗೆ ಹತ್ತುವುದಿಲ್ಲ ಅಂತ ಅವರು ಕಿವಿಯಲ್ಲಿ ಹೇಳಿದ್ದು ಮೈಕಿನಲ್ಲಿ ಎಲ್ಲರಿಗೂ ಕೇಳಿಸಿತು.

ಅವರನ್ನು ಕರೆಯುವುದು ಹೇಗೆ ಅನ್ನುವುದು ಇನ್ನೂ ಇತ್ಯರ್ಥ ಆಗಿಲ್ಲ. ಕೆಲವರು ಮದರ್ ಅನ್ನುತ್ತಾರೆ, ಹೆಚ್ಚಿನವರು ಬರೀ ಹೆಸರು ಹಿಡಿದು ಕರೆಯುತ್ತಾರೆ. ಹೆಸರು ಹಿಡಿಯುವುದಕ್ಕೆ ನನ್ನ ನಾಲಿಗೆ ಏಳುವುದಿಲ್ಲ. ಮದರ್ ಅನ್ನುತ್ತೇನೆ.

ಬಂದ ಕೆಲವೇ ತಿಂಗಳಲ್ಲಿ ಅವರು, ಭಾನುವಾರ ಬೆಳಿಗ್ಗೆ ಎಂಟು ಗಂಟೆಯ ಆರಾಧನೆಗೆ ಬರುವವರು ಬೆರಳೆಣಿಕೆಯಷ್ಟು, ಹತ್ತು ಗಂಟೆಯದರ ಜೊತೆ ಸೇರಿಸೋಣವಾ ಅಂತ ಕೇಳಿದರು. ಎಂಟು ಗಂಟೆಯವರು ಹಳೆಯ ಇಂಗ್ಲಿಷಿನಲ್ಲಿ, ಹಾಡಿಲ್ಲದೆ, ಬೇಗ ಮುಗಿಸಿ ಮನೆಗೆ ಹೋಗುವವರು. ಅವರಿಗೆ ಸಿಟ್ಟು ಬಂದಿದೆ. ಇಂಥವರನ್ನು ಆರಿಸಿದ್ದು ಯಾರು ಅಂತ ಕಾಫಿ ಹೊತ್ತಿನಲ್ಲಿ ನನ್ನನ್ನೇ ಹಿಡಿದು ಕೇಳುತ್ತಿದ್ದಾರೆ. ಮುಂದಿನ ವೆಸ್ಟ್ರಿ ಮೀಟಿಂಗಿನಲ್ಲಿ ಅದೇ ವಿಷಯ.